ಹುಲಿಯ ಹಿಂದಾಳು

ಅರ್ಕಾದಿ ಕೋಟು ಕಳಚಿ ಗೂಟಕ್ಕೆ ಸಿಕ್ಕಿಸಿ ತಿರುಗುವಷ್ಟರಲ್ಲಿ ಅವನ ಹೆಂಡತಿ ಜಿನಾಯಿದಾ ಹುಲಿವೇಷದ ತಲೆ ಹಾಕಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟಿದ್ದಳು.

“ತಮಾಷೆ ಸಾಕು, ತಲೆ ಕೊಡು. ಬ್ಯಾಂಡಿನವರು ಬಂದಾಯ್ತು.”

“ಕೊಡಲ್ಲ,” ಎಂದಿತು ಹುಲಿ. “ಈ ವರ್ಷ ಮುಂದೆ ನಾನು, ಹಿಂದೆ ನೀನು.”

ಚೀನಾ ಗಡಿಯ ಊರಾದ ಲೀಪೊವ್ಕಾದಲ್ಲಿ ಹುಲಿ ದಿನದ ಮೆರವಣಿಗೆ ಶುರುವಾದಾಗಿನಿಂದ ಒಂದೇ ಚರ್ಮದೊಳಗೆ ಈ ಇಬ್ಬರೇ ಹುಲಿ. ಅರ್ಕಾದಿ ಮುಂದಾಳು, ಜಿನಾಯಿದಾ ಹಿಂದಾಳು. ಆಯಸ್ಸೆಲ್ಲ ಕಾಡು ಕಾದು ನಿವೃತ್ತನಾದ ಅರ್ಕಾದಿಗೆ ಬಾರದ ದನಿಯಿಲ್ಲ. ಕೊಕ್ಕರೆ, ಕಾಡುಹಂದಿ, ಶಾಲೆಯ ಮುಖ್ಯೋಪಾಧ್ಯಾಯಿನಿ, ಚಳಿಗೆ ಸ್ಟಾರ್ಟಾಗದೆ ಕೆಮ್ಮುವ ಬಸ್ಸು ಯಾವುದನ್ನೂ ಅವನು ಬಿಟ್ಟಿರಲಿಲ್ಲ. ಅವನ ಘರ್ಜನೆ ಕೇಳಲೆಂದೇ ಪಕ್ಕದ ಊರುಗಳವರು ಬರುತ್ತಿದ್ದರು. ಮೆರವಣಿಗೆಯಲ್ಲಿ ಅವನು ಎಂದೂ ಮಾಡದಿದ್ದ ಸದ್ದು ಒಂದೇ: ತಾಯಿಹುಲಿ ಮರಿಗಳ ಮುಂದೆ ಮೂಗಿನಿಂದ ಊದುವ ಮೆಲುಸದ್ದು. ಅದು ಮನೆಗೆ ಮೀಸಲು. ಕಾಡಿನಿಂದ ಬಂದವನು ಬಾಗಿಲು ಬಡಿಯುತ್ತಿರಲಿಲ್ಲ, ಹಾಗೆ ಊದುತ್ತಿದ್ದ. ಜಿನಾಯಿದಾ ಒಳಗಿನಿಂದ ತಿರುಗಿ ಊದಿ ಚಿಲಕ ತೆಗೆಯುತ್ತಿದ್ದಳು.

ಅವಳ ಪಾಲಿಗೆ ಮೆರವಣಿಗೆ ಎಂದರೆ ಅವನ ಪ್ಯಾಂಟಿನ ತೇಪೆ. ಬೆನ್ನು ಬಗ್ಗಿಸಿ, ಒಂದು ಕೈಯಲ್ಲಿ ಅವನ ಬೆಲ್ಟು, ಇನ್ನೊಂದರಲ್ಲಿ ಬಾಲದ ದಾರ ಹಿಡಿದು ಹೆಜ್ಜೆ ಹಾಕುವುದು. ಯಾರು ಬಂದಿದ್ದರು, ಯಾರ ಟೋಪಿ ಹೊಸದು ಎಂಬುದೆಲ್ಲ ಮನೆಗೆ ಬಂದ ಮೇಲೆ ಅವನ ಬಾಯಿಂದಲೇ ತಿಳಿಯಬೇಕು. ಹೋದ ವರ್ಷ ಮಾತ್ರ ಯಾರೂ ಹೇಳಬೇಕಾಗಲಿಲ್ಲ. ಅಂಚೆ ಕಚೇರಿಯ ಮುಂದೆ ಅವನು ಘರ್ಜಿಸಿದಾಗ ಒಂದು ಮಗು ಚಿಟ್ಟನೆ ಚೀರಿತು. ಚರ್ಮದೊಳಗಿನ ಆ ಕತ್ತಲಲ್ಲೇ ಅವಳಿಗೆ ಗುರುತು ಸಿಕ್ಕಿತು, ಮೊಮ್ಮಗಳು ಉಲ್ಯಾ. ಅಂದಿನಿಂದ ಉಲ್ಯಾ ತಾತನ ತೊಡೆ ಏರಿಲ್ಲ. ಫೋನು ಮಾಡಿದರೆ ಮೊದಲು ಕೇಳುವುದು, ಮನೆಯಲ್ಲಿ ಹುಲಿ ಇದೆಯೇ ಎಂದು. ಈ ಸಲ ಮಗಳು ಲಾರಿಸಾ ಖಡಾಖಂಡಿತವಾಗಿ ಹೇಳಿದ್ದಳು: ಅಂಚೆ ಕಚೇರಿಯ ಹತ್ತಿರ ನಿಲ್ಲುತ್ತೇವೆ, ಮಗು ಅತ್ತರೆ ಮನೆಗೂ ಬಾರದೆ ವಾಪಸು ಬಸ್ಸು ಹತ್ತುತ್ತೇವೆ.

“ಮೆಲ್ಲಗೆ ಘರ್ಜಿಸ್ತೀನಿ ಕಣೇ.”

“ನಿನ್ನ ಮೆಲ್ಲಗೆ ಅನ್ನೋದು ನದಿಯಾಚೆ ಚೀನಾದವರಿಗೂ ಕೇಳುತ್ತೆ.”

“ಘರ್ಜನೆ ಇಲ್ದಿರೋ ಹುಲಿ ಎಂಥದು? ನಿನಗೆ ಬರುತ್ತಾ?”

“ಶಾಲೆ ಮುಂದೆ ಹಿಂದಿನಿಂದ ನೀನೇ ಒಂದು ಹೊಡಿ. ಆಮೇಲೆ ಬಾಯಿ ಮುಚ್ಚು.”

“ಹುಲಿ ಹಿಂದಿನಿಂದ ಸದ್ದು ಮಾಡಿದ್ರೆ ಜನ ಏನಂತಾರೆ?”

“ಎಲೆಕೋಸಿನ ಸೂಪು ಜಾಸ್ತಿ ಆಯ್ತು ಅಂತಾರೆ.”

ಅರ್ಕಾದಿ ನಗಬಾರದೆಂದುಕೊಂಡೇ ನಕ್ಕ. ಆಮೇಲೆ ಹಿಂಗಾಲುಗಳೊಳಗೆ ಕಾಲು ತೂರಿಸಿ, ಹೆಂಡತಿಯ ಸೊಂಟದ ಪಟ್ಟಿ ಹಿಡಿದು ಬಗ್ಗಿದ. ಬಾಲ ಮರೆಯಬೇಡ ಎಂದು ಅವಳು ಹೇಳಿದ್ದು ಬ್ಯಾಂಡಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.

ಹುಲಿಯ ಬಾಯಿಯೇ ಕಿಟಕಿ. ಅದರಲ್ಲಿ ಜಿನಾಯಿದಾಗೆ ಇಡೀ ಲೀಪೊವ್ಕಾ ಕಂಡಿತು. ಕೆಂಪಾದ ಮೇಪಲ್ ಮರಗಳು, ಮುಖಕ್ಕೆಲ್ಲ ಕಿತ್ತಳೆ ಪಟ್ಟೆ ಬಳಿದುಕೊಂಡ ಮಕ್ಕಳು, “ಹುಲಿ ನಮ್ಮ ನೆರೆಮನೆಯವ” ಎಂಬ ಬ್ಯಾನರು, ಅದರ ಒಂದು ತುದಿ ಹಿಡಿದು ಇನ್ನೊಂದು ಕೈಯಲ್ಲಿ ಹೂರಣ ತುಂಬಿದ ಪಿರೋಗ್ ಬನ್ನು ತಿನ್ನುತ್ತಿದ್ದ ಅರಣ್ಯಾಧಿಕಾರಿ. ಅವಳು ನಡೆಯುವುದನ್ನೇ ಮರೆತಳು. ಹುಲಿ ನಿಂತುನಿಂತು ಜನರನ್ನು ಮಾತಾಡಿಸತೊಡಗಿತು. ಜೇನು ಮಾರುವ ರಾಯಿಸಾಳ ಮಂಡಿನೋವು ವಿಚಾರಿಸಿತು. ಹಿಂಗಾಲು ಎರಡು ಸಲ ಮುಂಗಾಲಿಗೆ ಬಂದು ಗುದ್ದಿತು.

ಶಾಲೆಯ ಮುಂದೆ ಮಕ್ಕಳು ಘರ್ಜನೆ ಬೇಕೆಂದು ಹಟ ಹಿಡಿದವು. ಬಾಲದ ಬುಡದಿಂದ ಹೊರಟ ಗುಡುಗಿಗೆ ತುತ್ತೂರಿಯವನ ಸ್ವರವೇ ತಪ್ಪಿತು. ಆಮೇಲೆ ಎದ್ದ ನಗುವಿಗೆ ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಾಲವೊಂದು ಮಾತ್ರ ರಸ್ತೆಯ ಧೂಳು ಗುಡಿಸುತ್ತಲೇ ಬಂತು.

ಅಂಚೆ ಕಚೇರಿ ಬಂದಾಗ ಜಿನಾಯಿದಾಳ ಬಾಯಿ ಒಣಗಿತ್ತು. ಉಲ್ಯಾ ಅಪ್ಪನ ಹೆಗಲ ಮೇಲಿದ್ದಳು. ಎರಡೂ ಅಂಗೈ ಕಿವಿಗೆ ಒತ್ತಿಕೊಂಡಿದ್ದಳು. ಲಾರಿಸಾ ಬ್ಯಾಗು ಹೆಗಲಿಗೆ ಏರಿಸಿಯೇ ನಿಂತಿದ್ದಳು. ಹುಲಿ ಮೊದಲು ಮುಂಗಾಲು ಮಡಚಿತು, ಆಮೇಲೆ ನರಳುತ್ತ ಹಿಂಗಾಲು. ಜಿನಾಯಿದಾ ಊದಲು ನೋಡಿದಳು. ತುಟಿಯಿಂದ ಗಾಳಿ ಬಂತೇ ಹೊರತು ಸದ್ದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಉಲ್ಯಾಳ ಕೆಳತುಟಿ ನಡುಗತೊಡಗಿತು.

ಆಗ ಅವಳ ಬೆನ್ನ ಹಿಂದಿನಿಂದ, ಯಾವಾಗಲೋ ಹಿಮ ಬೀಳುವ ಸಂಜೆ ಬಾಗಿಲಾಚೆಯಿಂದ ಬರುತ್ತಿದ್ದ ಹಾಗೆ, ಮೆಲ್ಲಗೆ ಬಂತು: ಫುರ್ರ್… ಫುರ್ರ್…

ಜಿನಾಯಿದಾ ತಾನಾಗಿಯೇ ಊದಿದಳು. ಫುರ್ರ್.

ಹಿಂದಿನಿಂದ ಉತ್ತರ ಬಂತು. ಮುಂದಿನಿಂದ ಮರು ಉತ್ತರ. ಉಲ್ಯಾ ಕಿವಿಯಿಂದ ಒಂದು ಕೈ ತೆಗೆದಳು.

“ಅಮ್ಮಾ, ಅದು ತನ್ನ ಜೊತೆ ತಾನೇ ಮಾತಾಡ್ತಿದೆ.”

“ಏನು ಮಾತಾಡ್ತಿದೆ ಕೇಳು,” ಎಂದಳು ಲಾರಿಸಾ.

ಉಲ್ಯಾ ಹೆಗಲಿನಿಂದ ಇಳಿದಳು. ಅಪ್ಪನ ಬೆರಳು ಬಿಡದೆ ಹತ್ತಿರ ಬಂದು, ಕೆನ್ನೆ ಉಬ್ಬಿಸಿ, ಉಗುಳು ಸಿಡಿಯುವಂತೆ ಊದಿದಳು. ಹುಲಿ ಎರಡೂ ಕಡೆಯಿಂದ ಊದಿತು. ಅವಳು ಬಗ್ಗಿ ಹುಲಿಯ ಬಾಯೊಳಗೆ ನೋಡಿ, ಆಶ್ಚರ್ಯವನ್ನೇನೂ ತೋರದೆ, “ಅಜ್ಜಿ, ತಾತ ಎಲ್ಲಿ?” ಎಂದಳು.

“ಹಿಂದೆ ಇದ್ದಾನೆ ಪುಟ್ಟಿ.”

ಉಲ್ಯಾ ತನ್ನ ಕೋಟಿನ ಜೇಬಿನಿಂದ ಪಿರೋಗ್ ತೆಗೆದು ಮುರಿದಳು. ಒಂದು ಚೂರನ್ನು ಹುಲಿಯ ಹಲ್ಲುಗಳ ನಡುವೆ ಇಟ್ಟು, ಇನ್ನೊಂದನ್ನು ಹಿಡಿದುಕೊಂಡು ಅದರ ಹೊಟ್ಟೆಯ ಪಕ್ಕದಲ್ಲೇ ನಡೆದು ಹಿಂದಕ್ಕೆ ಹೋದಳು.

ಇಡೀ ದಾರಿ ಧೂಳಿನಲ್ಲಿ ಎಳೆದುಕೊಂಡು ಬಂದಿದ್ದ ಬಾಲ ಸ್ವಲ್ಪ ಅಲುಗಿತು, ಆಮೇಲೆ ಮೆಲ್ಲಗೆ ಮೇಲೆದ್ದಿತು.