ಚೀಟಿ ಬರೆದವರೇ ಓದಲಿ

ಕಾರ್ಗಿಲ್‌ನಲ್ಲಿ ಯುದ್ಧ ನಡೆದ ಆ ಜೂನ್ ತಿಂಗಳಲ್ಲಿ ಇಳಕಲ್ಲಿನ ಗಂಡಸರೆಲ್ಲ ಒಮ್ಮೆಗೇ ಶೂರರಾಗಿಬಿಟ್ಟರು. ಗುಡ್ಡ ಹತ್ತಿ ಗುಂಡಿಗೆ ಎದೆ ಕೊಡುತ್ತಿದ್ದವರು ಬೇರೆಯೇ ಇದ್ದರು ಬಿಡಿ. ಇವರ ಶೌರ್ಯವೆಲ್ಲ ಬನಶಂಕರಿ ಕೇಬಲ್‌ನವರ ಪಟ್ಟಿಯಲ್ಲಿತ್ತು.

ಪಟ್ಟಿ ಅಂದರೆ ಸಂಜೆ ಆರರ ಸಿನಿಮಾ ನಡೆಯುವಾಗ ಟಿವಿಯ ಕೆಳಗಂಚಿನಲ್ಲಿ ಓಡುವ ಅಕ್ಷರಗಳು. ಯಾರ ಮಗುವಿನ ಹುಟ್ಟುಹಬ್ಬ, ಯಾರ ಆಡು ಕಳೆದಿದೆ, ನಾಳೆ ಯಾವ ಓಣಿಗೆ ನಳ ಬಿಡುತ್ತಾರೆ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಊರವರು ಚೀಟಿ ಬರೆದು ಕೇಬಲ್ ಆಫೀಸಿನ ಡಬ್ಬಿಗೆ ಹಾಕುವರು, ಸುಮಾ ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುವಳು. ನೇಕಾರ ನಿಂಗಣ್ಣನ ಮಗಳು, ಇಪ್ಪತ್ತೆರಡರ ಹುಡುಗಿ. ಸಿನಿಮಾದ ನಾಯಕಿ ಹೊರಳಾಡಿ ಅಳುವಾಗಲೂ ಹೆಂಗಸರ ಕಣ್ಣು ಸುಮಾಳ ಪಟ್ಟಿಯ ಮೇಲೇ ಇರುತ್ತಿತ್ತು. ಹಾಗಾಗಿ ಅವಳಿಗೂ ಸ್ವಲ್ಪ ಧಿಮಾಕು ಇತ್ತು, ಸುಳ್ಳೇಕೆ ಹೇಳಬೇಕು.

ಮಾಲೀಕ ಸೋಮಲಿಂಗ ಹಾಕಿದ್ದ ನಿಯಮ ಒಂದೇ. ಬೈಗುಳ, ಹೊಡಿ-ಬಡಿ ಮಾತು ಪಟ್ಟಿಗೆ ಬರಕೂಡದು. ಯುದ್ಧ ಶುರುವಾದದ್ದೇ ತಡ, ಆ ನಿಯಮಕ್ಕೆ ಕುತ್ತು ಬಂತು. ಶತ್ರುಗಳನ್ನು ಕೊಚ್ಚಿರಿ, ಹೂಳಿರಿ ಎಂದು ಒಂದೇ ದಿನ ಹದಿನೇಳು ಚೀಟಿಗಳು ಬಂದವು.

"ಕಾಕಾರ, ಇವನ್ನ ಏನ್ ಮಾಡೂಣ್ರಿ?" ಎಂದು ಸುಮಾ ಕೇಳಿದಳು.

ಸೋಮಲಿಂಗ ತಲೆ ಕೆರೆದುಕೊಂಡ. "ಹುನಗುಂದದಾಗ ಎಲ್ಲಾ ಹಾಕಾಕತ್ತಾರಂತ. ನಾವಷ್ಟ ಮಡಿ ಮಾಡ್ಕೊಂಡು ಕುಂತ್ರ ಮಂದಿ ವೈರ್ ಕಿತ್ತು ನನ್ನ ಕೈಯಾಗ ಕೊಡ್ತಾರ."

"ಹಂಗಾದ್ರ ಹಿಂಗ ಮಾಡೂಣ್ರಿ. ಬಂದೂಕ ಹಿಡ್ಕೊಂಡು ಗಡಿ ಒಳಗ ಬಂದಾವ್ಗ ಏನರೆ ಅನ್ಲಿ, ಹಾಕ್ತೇನಿ. ಬಂದೂಕ ಇಲ್ಲದವ್ರನ್ನ ಮುಟ್ಟಂಗಿಲ್ಲ. ಅವ್ರು ಯಾ ದೇಶದಾಗರೆ ಇರ್ಲಿ."

"ಭಾಳ ಶಾಣ್ಯಾಕಿ ಅದಿ" ಎಂದ ಸೋಮಲಿಂಗ. ಯುದ್ಧ ಮುಗಿಯುವವರೆಗೆ ನಿಯಮ ಸಡಿಲವಾಯಿತು.

ಆದರೆ ಆ ಕಂಪ್ಯೂಟರಿಗೆ ಇದೆಲ್ಲ ಗೊತ್ತಿರಲಿಲ್ಲ. ಪ್ರತಿ ಸಂದೇಶದ ಕೊನೆಗೆ 'ಶುಭ ಕೋರುವವರು' ಎಂದು ತಾನೇ ಹಾಕಿಕೊಳ್ಳುತ್ತಿತ್ತು, ಅದನ್ನು ತೆಗೆಯುವ ವಿದ್ಯೆ ಸುಮಾಳಿಗೂ ಬರುತ್ತಿರಲಿಲ್ಲ. ಹೀಗಾಗಿ 'ನುಸುಳಿ ಬಂದವರ ಕರುಳು ಬಗೆದು ಹಾರ ಹಾಕಿಕೊಳ್ಳುತ್ತೇವೆ, ಶುಭ ಕೋರುವವರು: ಹುಲ್ಲಪ್ಪ ಮತ್ತು ಗೆಳೆಯರು' ಎಂದು ಓಡಿತು. ಊರು ಬಿದ್ದು ಬಿದ್ದು ನಕ್ಕಿತು. ಹುಲ್ಲಪ್ಪನಿಗೆ ಮಾತ್ರ ಇದರಲ್ಲಿ ನಗುವಂಥದ್ದೇನು ಎಂದು ತಿಳಿಯಲಿಲ್ಲ.

ಈ ಶೂರರಿಗೆಲ್ಲ ಮುಂದಾಳು ನೂಲಿನ ಅಂಗಡಿಯ ಶಿವಪುತ್ರ. ಮನೆಯಲ್ಲಿ ಹಲ್ಲಿ ಬಿದ್ದರೆ ಅವ್ವ ಯಮನವ್ವ ಬಂದು ಎತ್ತಿ ಹಾಕುವವರೆಗೆ ಕಟ್ಟೆಯಿಂದ ಇಳಿಯದ ಗಂಡು. ಆದರೆ ಚೀಟಿ ಬರೆಯಲು ಕೂತರೆ ಅವನ ಪೆನ್ನು ರಕ್ತವನ್ನೇ ಕಾರುತ್ತಿತ್ತು. ಸೋಮವಾರ ಬರೆದದ್ದಕ್ಕೆ ಚಹಾದಂಗಡಿಯಲ್ಲಿ ಶಾಬಾಸ್ ಅನ್ನಿಸಿಕೊಂಡರೆ ಮಂಗಳವಾರ ಅದಕ್ಕಿಂತ ಖಾರ ಬೇಕು. ಬುಧವಾರ ಇನ್ನೂ ಖಾರ. ಎರಡು ವಾರದಲ್ಲಿ ಪಾಪ, ಕಡಿಯಲು ಶತ್ರುವಿನ ಮೈಯಲ್ಲಿ ಯಾವ ಭಾಗವೂ ಉಳಿಯಲಿಲ್ಲ. ಆಗ ಅವನ ಕಣ್ಣು ಹತ್ತಿರಕ್ಕೆ ತಿರುಗಿತು.

ಗುರುವಾರ ಮಧ್ಯಾಹ್ನ ಬಂದ ಅವನ ಚೀಟಿಯನ್ನು ಸುಮಾ ಬಿಡಿಸಿ ಓದಿದಳು. 'ನಮ್ಮ ಓಣಿಯಲ್ಲೇ ಕಂಡಿಕೆ ಸುತ್ತುವ ಒಬ್ಬಳಿಗೆ ಶತ್ರು ದೇಶದಿಂದ ಕಾಗದಗಳು ಬರುತ್ತವೆ. ಅಂಥ ಕೈ ಕಡಿಯಬೇಕು. ಯುವಕರೇ, ಭಾನುವಾರ ಅವಳ ಮನೆ ಮುಂದೆ ಸೇರಿ.'

ಯಾರ ಮಾತೆಂದು ಸುಮಾಳಿಗೆ ಕೂಡಲೇ ತಿಳಿಯಿತು. ಓಣಿಯಲ್ಲಿ ಕಂಡಿಕೆ ಸುತ್ತುವವಳು, ಅಂದರೆ ಮಗ್ಗದ ಲಾಳಿಗೆ ಹಾಕುವ ನೂಲನ್ನು ಸಣ್ಣ ಕೊಳವೆಗೆ ಸುತ್ತಿ ಕೊಡುವವಳು, ಕಾಸಿಂಬಿ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷದಿಂದ ಸುಮಾಳ ಅಪ್ಪನ ಮಗ್ಗಕ್ಕೆ ಅವಳದೇ ಕಂಡಿಕೆ. ಅವಳ ಅಕ್ಕ ಅಬೇದಾಳನ್ನು ಬಹಳ ಹಿಂದೆ ಕರಾಚಿಗೆ ಕೊಟ್ಟಿದ್ದರು. ವರ್ಷಕ್ಕೆ ಎರಡು ಕಾಗದ ಬರುತ್ತಿದ್ದವು, ಕಾಸಿಂಬಿ ಅವನ್ನು ಓದಿಸಿಕೊಂಡು ಅಳುತ್ತಿದ್ದಳು, ನಗುತ್ತಿದ್ದಳು. ಈ ಚೀಟಿ ಓಡಿದರೆ ಭಾನುವಾರ ಅವಳ ಬಾಗಿಲಿಗೆ ಕಲ್ಲು ಬೀಳುವುದು ಖಂಡಿತ. ಕೊಚ್ಚು ಕಡಿ ಅನ್ನುವ ಮಾತಿಗೆ ಬಾಗಿಲು ತೆರೆದವಳು ತಾನೇ ಅಲ್ಲವೇ ಎಂದು ಸುಮಾಳಿಗೆ ಅನ್ನಿಸಿತು.

"ಇದನ್ನ ಹಾಕಂಗಿಲ್ರಿ ಕಾಕಾರ. ಈಕಿ ಕೈಯಾಗ ಬಂದೂಕ ಇಲ್ಲ."

ಸೋಮಲಿಂಗ ಚೀಟಿ ಓದಿ ಬೆವರು ಒರೆಸಿಕೊಂಡ. "ಅಂವ ಆಗಲೇ ಚಾದಂಗಡ್ಯಾಗ ಡಂಗುರ ಹೊಡದಾನ, ಇವತ್ತ ಸಂಜಿಗೆ ದೊಡ್ಡ ಸುದ್ದಿ ಐತಿ ಅಂತ. ಹಾಕ್ಲಿಲ್ಲಂದ್ರ ಕೇಬಲ್‌ನವ್ರೂ ಆ ಕಡೆಯವ್ರ ಅಂತಾರ. ಹೆಸರರೆ ಬರದಿಲ್ಲಲ್ಲ."

"ಕಂಡಿಕಿ ಸುತ್ತಾಕಿ ಅಂದ ಮ್ಯಾಲ ಹೆಸರ್ಯಾಕ ಬೇಕ್ರಿ? ನಾ ಟೈಪ್ ಮಾಡಂಗಿಲ್ಲ."

"ನೀ ಮಾಡ್ಲಿಲ್ಲಂದ್ರ ಬ್ಯಾರೆಯವ್ರನ್ನ ಕೂಡ್ರಸ್ಬೇಕಾಗ್ತೈತಿ ಸುಮಾ" ಎಂದ ಸೋಮಲಿಂಗ. ಕೆಟ್ಟವನಲ್ಲ, ಅಂಜುಬುರುಕ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಸುಮಾ ಕೂತಲ್ಲೇ ಯೋಚಿಸಿದಳು. ತಾನು ಎದ್ದು ಹೋದರೆ ಚೀಟಿ ಹೇಗೂ ಓಡುತ್ತದೆ, ನೌಕರಿಯೂ ಹೋಗುತ್ತದೆ. ಮೂಲೆಯಲ್ಲಿ ಮದುವೆ, ಮೆರವಣಿಗೆ ಹಿಡಿಯುವ ಕ್ಯಾಮೆರಾ ನಿಂತಿತ್ತು. ಅವಳು ಅದನ್ನೇ ನೋಡಿದಳು.

"ಆತು ಬಿಡ್ರಿ, ಇದು ಊರಿಗೆಲ್ಲ ಕೇಳ್ಲಿ. ಆದ್ರ ನನ್ನ ಕೈಯಿಂದ ಬ್ಯಾಡ. ಬರ್ದಾವ್ನ ಕುಂತು ಓದ್ಲಿ, ನೇರ ತೋರ್ಸೂಣು. ಇನ್ಮ್ಯಾಲ ಯಾರ ಹೊಡಿ-ಬಡಿ ಬರದ್ರೂ ಇದ ನಿಯಮ."

ಸೋಮಲಿಂಗನಿಗೆ ಹೋದ ಜೀವ ಬಂದಂತಾಯಿತು. ಸುದ್ದಿ ತಿಳಿದ ಶಿವಪುತ್ರನಿಗಂತೂ ನೆಲ ಕಾಣಲಿಲ್ಲ. ಐದೂವರೆಗೇ ಇಸ್ತ್ರಿ ಅಂಗಿ ತೊಟ್ಟು, ಮುಖಕ್ಕೆ ಬೊಗಸೆ ತುಂಬ ಪೌಡರ್ ಬಳಿದುಕೊಂಡು ಬಂದ. ಹಿಂದಿನ ಗೋಡೆಗೆ ಸೋಮಲಿಂಗ ನೀಲಿ ಚಾದರ ಕಟ್ಟಿದ್ದ. ಅದರ ಮುಂದೆ ಕುರ್ಚಿಯಲ್ಲಿ ಕೂತ ಶಿವಪುತ್ರ ಮೀಸೆ ತಿರುವಿಕೊಂಡ.

"ಎಲ್ಲಿ ನೋಡ್ಬೇಕ ತಂಗಿ?"

"ಈ ಗಾಜಿನಾಗ ನೋಡಣ್ಣ. ಇದರಾಚಿ ನಮ್ಮ ಮನಿ ಪಡಸಾಲಿ ಐತಿ ಅಂತ ತಿಳ್ಕೊ. ಕಾಸಿಂಬಿ ಚಿಗವ್ವ ಕಂಡಿಕಿ ಸುತ್ಕೋಂತ ಟಿವಿ ಮುಂದ ಕುಂತಿರ್ತಾಳ. ಅಕಿ ಮನ್ಯಾಗ ಟಿವಿ ಇಲ್ಲಲ್ಲ, ದಿನಾ ಅಲ್ಲೇ. ನಿಮ್ಮವ್ವನೂ ಬಾಜೂಕ ಇರ್ತಾಳ. ಚಿಗವ್ವಗ ಹೇಳಿದಂಗ ಓದು."

ಶಿವಪುತ್ರನ ಕೈ ಮೀಸೆಯ ಮೇಲೇ ನಿಂತಿತು. ಅಷ್ಟರಲ್ಲಿ ಆರು ಹೊಡೆಯಿತು, ಕ್ಯಾಮೆರಾದ ಕೆಂಪು ದೀಪ ಹತ್ತಿತು. ಇಳಕಲ್ಲಿನ ಮನೆಮನೆಯ ಟಿವಿಯಲ್ಲಿ ಅವನ ಮುಖ ಬೆಳ್ಳಗೆ ಮೂಡಿತು. ಸುಮಾ ಕ್ಯಾಮೆರಾದ ತಂತಿಗೆ ಕೈ ಹಾಕಿಯೇ ನಿಂತಿದ್ದಳು. ಕೈ ಕಡಿಯಬೇಕು ಅನ್ನುವ ಮಾತು ಬಾಯಿಗೆ ಬಂದರೆ ಎಳೆದು ಕಿತ್ತುಹಾಕುವುದು, ನೌಕರಿ ಹೋದರೆ ಹೋಗಲಿ.

"ನಮ್ಮ ಓಣ್ಯಾಗ..." ಎಂದು ಶಿವಪುತ್ರ ಓದಿದ. ನಿಲ್ಲಿಸಿ ಗಂಟಲು ಸರಿಮಾಡಿಕೊಂಡ. "ನಮ್ಮ ಓಣ್ಯಾಗ ಕಂಡಿಕಿ ಸುತ್ತಾಕಿ..."

ಮುಂದಿನ ಸಾಲು ಚೀಟಿಯಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಅವನು ಗಾಜಿನೊಳಗೆ ನೋಡಿದ. ಹಣೆಯಿಂದ ಇಳಿದ ಬೆವರು ಪೌಡರಿನಲ್ಲಿ ಎರಡು ಕಾಲುವೆ ತೋಡಿತು. ಇಡೀ ಊರು ಬಾಯಿ ತೆರೆದು ಕಾಯುತ್ತಿತ್ತು.

"ಚಿಗವ್ವ" ಎಂದ ಶಿವಪುತ್ರ, "ಊಟ ಆತೇನ?"

ಸುಮಾ ಸಿನಿಮಾ ಹಚ್ಚಿಬಿಟ್ಟಳು. ಗೋಡೆಗೆ ಆನಿಸಿಕೊಂಡು ಅವಳು ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಅರ್ಧ ನಗುವಿನದಲ್ಲ.

ಮನೆಗೆ ಹೋದಾಗ ಅವ್ವ ಉಳಿದದ್ದನ್ನು ಹೇಳಿದಳು. ಟಿವಿಯೊಳಗಿನ ಶಿವಪುತ್ರನಿಗೆ ಕಾಸಿಂಬಿ, "ಇನ್ನೂ ಇಲ್ಲಪ್ಪ, ನೀನೂ ಬಾ" ಎಂದು ಉತ್ತರ ಕೊಟ್ಟಳಂತೆ. ಅರ್ಧ ತಾಸಿಗೆಲ್ಲ ಅವನು ಪೌಡರ್ ತೊಳೆದುಕೊಂಡು ಕಾಸಿಂಬಿಯ ಮನೆಗೆ ಖರೇನೇ ಬಂದ. ಎರಡು ರೊಟ್ಟಿ ತಿಂದ. ಮೂರನೆಯದಕ್ಕೆ ಕೈ ಹಾಕುವ ಮುಂಚೆ ಚೀಟಿಯಲ್ಲಿ ಏನಿತ್ತೆಂದು ತಾನೇ ಹೇಳಿದ. ಕಾಸಿಂಬಿ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಎಲ್ಲವನ್ನೂ ಕೇಳಿದಳಂತೆ. ಆಮೇಲೆ ಮೂರನೆಯ ರೊಟ್ಟಿಯನ್ನೂ ತಟ್ಟೆಗೆ ಹಾಕಿದಳಂತೆ.

ಮರುದಿನ ಸಂಜೆ ಕಾಸಿಂಬಿ ಕೇಬಲ್ ಆಫೀಸಿಗೆ ಬಂದಳು. ಒಗೆದು ಮಡಿಸಿಟ್ಟ ಸೀರೆ ಉಟ್ಟಿದ್ದಳು, ಕೈಯಲ್ಲಿ ಅಕ್ಕನ ಕಾಗದ.

"ಮಂದಿಗೆ ಇದರಾಗ ಏನೈತಿ ಅಂತ ತಿಳೀಬೇಕಂತಲ್ಲ. ನನಗೂ ಆ ಕುರ್ಚಿ ಮ್ಯಾಲ ಕುಂಡ್ರಾಕ ಬಿಡವ್ವ."

ಸೋಮಲಿಂಗ ಏನೋ ಹೇಳಲು ಬಾಯಿ ತೆರೆದ. ಸುಮಾ ಅವನ ಕಡೆ ನೋಡದೆ ಕೆಂಪು ದೀಪ ಹತ್ತಿಸಿದಳು.

ಕಾಸಿಂಬಿಗೆ ಓದು ಬರದಿದ್ದರೂ ಕಾಗದ ಬಾಯಿಪಾಠವಾಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು. "ನಮ್ಮಕ್ಕ ಅಬೇದಾ ಬರಸ್ಯಾಳ. ಅಲ್ಲಿ ಭಾಳ ಸೆಕಿ ಅಂತ. ಮೊಣಕಾಲ ನೋವಿಂದ ಕುಂತ್ರ ಏಳಾಕ ಆಗವಲ್ದಂತ. ಇಳಕಲ್ಲದಾಗ ಮಳಿ ಆತೇನಂತ ಕೇಳ್ಯಾಳ. ಎಲ್ಲಾರಿಗೂ ಸಲಾಂ ಹೇಳ್ಯಾಳ. ಇಷ್ಟ ಐತ್ರಿ."

ಭಾನುವಾರ ಅವಳ ಮನೆಯ ಮುಂದೆ ಒಂದು ಕೋಳಿಯ ಹೊರತು ಯಾರೂ ಸೇರಲಿಲ್ಲ. ಆದರೆ ಸೋಮವಾರ ಸುಮಾ ಡಬ್ಬಿ ತೆರೆದರೆ ಚೀಟಿಗಳು ತುಂಬಿ ತುಳುಕುತ್ತಿದ್ದವು. ಎಲ್ಲವೂ ಮೊಣಕಾಲು ನೋವಿಗೆ ಮದ್ದು. ಎಕ್ಕೆಯ ಎಲೆ ಕಾಸಿ ಕಟ್ಟಬೇಕು ಎಂದು ಒಬ್ಬರು, ಮೆಂತ್ಯ ನೆನೆಹಾಕಿ ನುಂಗಬೇಕು ಎಂದು ಇನ್ನೊಬ್ಬರು, ಇವೆರಡೂ ಸುಳ್ಳು, ಶಿರೂರಿನಲ್ಲೊಬ್ಬ ತಿಕ್ಕಿ ಬಿಡುತ್ತಾನೆ, ಅಲ್ಲಿಗೆ ಹೋಗಲಿ ಎಂದು ಮತ್ತೊಬ್ಬರು. ಕರಾಚಿಯಿಂದ ಶಿರೂರಿಗೆ ಬಸ್ಸು ಎಲ್ಲಿ ಹತ್ತಬೇಕೆಂದು ಮಾತ್ರ ಬರೆದಿರಲಿಲ್ಲ.

ಸೋಮಲಿಂಗನಿಗೆ ಮತ್ತೆ ಅಂಜಿಕೆ. "ಯುದ್ಧ ನಡದೈತಿ. ಶತ್ರು ದೇಶದ ಮೊಣಕಾಲಿಗೆ ನಾವು ಮದ್ದು ಹಾಕಿದ್ರ ನಡೀತೈತೇನ ಸುಮಾ?"

"ನಿಯಮದಾಗ ಐತಲ್ರಿ ಕಾಕಾರ. ಆ ಮುದಿಕಿ ಕೈಯಾಗ ಬಂದೂಕ ಇಲ್ಲ, ಕೋಲ ಐತಿ" ಎಂದು ಸುಮಾ ಟೈಪ್ ಮಾಡುತ್ತ ಕೂತಳು.

ಡಬ್ಬಿಯ ತಳದಲ್ಲಿದ್ದ ಕೊನೆಯ ಚೀಟಿಯ ದಪ್ಪ ಅಕ್ಷರ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಎರಡು ವಾರ ಕಡಿ, ಕೊಚ್ಚು, ಸುಡು ಎಂದು ಬರೆದ ಕೈಯೇ. ಅಂಜುತ್ತಲೇ ಬಿಡಿಸಿದಳು. ಒಳಗೆ ಹೀಗಿತ್ತು: 'ಸಾಸಿವೆ ಎಣ್ಣೆ ಕಾಸಿ ಹಚ್ಚಬೇಕು. ಮೊದಲು ನಮ್ಮ ಕೈಗೆ ಹಾಕಿಕೊಂಡು ನೋಡಬೇಕು. ಅವರಿಗೆ ಸುಡಬಾರದು.'