ಹದಿನಾಲ್ಕನೆಯ ಪ್ರಶ್ನೆ

ಹದಿನಾಲ್ಕನೆಯ ಪ್ರಶ್ನೆಯನ್ನು ಅವಳು ಇನ್ನೂ ಓದಿ ಮುಗಿಸಿರಲಿಲ್ಲ, ಉತ್ತರ ಬಂದುಬಿಟ್ಟಿತು.

“ಇಲ್ಲ. ಒಂದು ದಿನವೂ ಇಲ್ಲ,” ಎಂದಳು ಹೊಲಿಗೆಯಾಕೆ. ಅಂಗಿಯ ಕಾಲರಿಗೆ ಗುಂಡುಸೂಜಿ ಚುಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

ಕಳೆದ ಎರಡು ವಾರಗಳಲ್ಲಿ, ಗಂಡ ಮನೆಗೆ ಬರುವ ಸದ್ದು ಕೇಳಿದಾಗ ಎಷ್ಟು ದಿನ ಭಯವಾಯಿತು ಎಂಬುದು ಪ್ರಶ್ನೆ. ಆರು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಇದನ್ನೇ ಕೇಳಿದಾಗ ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಎರಡು ಸಲ ಮಡಚಿ ಬಿಚ್ಚಿ, “ಅವರು ಬರೋ ಸದ್ದು ಬೇಡ, ಕೆಳಗೆ ಲಿಫ್ಟಿನ ಬಾಗಿಲು ಎಳೆದರೇ ಕೈ ತಣ್ಣಗಾಗುತ್ತೆ,” ಎಂದಿದ್ದಳು. ದಿನವೂ ಹಾಗೆಯೇ ಎಂದು ಕೇಳಿದರೆ, “ರಜೆ ದಿನ ಬಿಟ್ಟು. ರಜೆ ದಿನ ಅವರು ಮನೇಲೇ ಇರ್ತಾರಲ್ಲ,” ಎಂದು ನಕ್ಕಿದ್ದಳು ಕೂಡ.

ಒಳಗಿನಿಂದ ಗಂಡನ ದನಿ ಬಂತು. “ಹದಿನಾಲ್ಕು ಆಯ್ತಾ ಮೇಡಂ? ಇನ್ನೆಂಟು ಅಲ್ವಾ? ಅಷ್ಟರಲ್ಲಿ ಟೀ ಆಗುತ್ತೆ.”

ಬರೆಯುತ್ತಿದ್ದ ಪೆನ್ನು ನಿಂತಿತು. ಪ್ರಶ್ನೆಗಳು ಎಷ್ಟಿವೆ ಎಂದು ಅವಳು ಯಾರಿಗೂ ಹೇಳಿದವಳಲ್ಲ.

ಆ ಬೀದಿಗಳಲ್ಲಿ ಎಲ್ಲರೂ ಅವಳನ್ನು ಪ್ರಶ್ನೆಯಕ್ಕ ಎಂದೇ ಕರೆಯುತ್ತಿದ್ದರು. ಮನಶ್ಶಾಸ್ತ್ರದ ಸಂಶೋಧನಾ ಕೇಂದ್ರವೊಂದರಲ್ಲಿ ಅವಳಿಗೆ ಎಂಟು ವರ್ಷದ ಕೆಲಸ. ಹೆಂಡತಿಗೆ ಹೊಡೆಯುತ್ತಾರೆಂದು ದೂರು ಬಂದ ಗಂಡಸರನ್ನು ವಾರಕ್ಕೊಂದು ಸಂಜೆ ಒಂದು ಹಾಲ್‌ನಲ್ಲಿ ಕೂರಿಸಿ, ಸಿಟ್ಟನ್ನು ಹಿಡಿತದಲ್ಲಿಟ್ಟುಕೊಳ್ಳುವುದನ್ನು ಕಲಿಸುವ ಹನ್ನೆರಡು ವಾರಗಳ ಶಿಬಿರ ಶುರುವಾಗಿತ್ತು. ಅದರಿಂದ ನಿಜಕ್ಕೂ ಉಪಯೋಗ ಇದೆಯೋ ಇಲ್ಲವೋ ಎಂದು ಅಳೆದು ಹೇಳುವ ಹೊಣೆ ಕೇಂದ್ರದ ಪ್ರೊಫೆಸರಮ್ಮನದು. ಚೀಟಿ ಎತ್ತಿ, ಅರ್ಧದಷ್ಟು ಗಂಡಸರನ್ನು ಆಗಲೇ ಸೇರಿಸಿಕೊಂಡಿದ್ದರು. ಉಳಿದವರ ಸರದಿ ಆರು ತಿಂಗಳ ಮೇಲೆ. ಎರಡೂ ಗುಂಪಿನವರ ಹೆಂಡಂದಿರಿಗೆ ಮೊದಲೊಮ್ಮೆ, ಕೊನೆಗೊಮ್ಮೆ ಅವೇ ಇಪ್ಪತ್ತೆರಡು ಪ್ರಶ್ನೆ. ಯಾವ ಮನೆಯ ಗಂಡ ಯಾವ ಗುಂಪಿನವನೆಂಬುದು ಪ್ರಶ್ನೆ ಕೇಳುವವಳಿಗೆ ತಿಳಿದಿರಬಾರದು. ತಿಳಿದರೆ ಗೊತ್ತಿಲ್ಲದೆಯೇ ದನಿ ಒಂದು ಕಡೆಗೆ ವಾಲುತ್ತದೆ ಎನ್ನುತ್ತಿದ್ದರು ಪ್ರೊಫೆಸರಮ್ಮ.

ಇಪ್ಪತ್ತೆರಡಕ್ಕೂ ಉತ್ತರ ಸಿಕ್ಕಿತು. ಫಾರಂನ ಕೊನೆಯಲ್ಲಿ ಒಂದು ಚೌಕವಿತ್ತು: ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಬೇರೆ ಯಾರಾದರೂ ಇದ್ದರೇ? ಅಲ್ಲಿ ಗುರುತು ಹಾಕಿದರೆ ಆ ಮನೆಗೆ ಇನ್ನೊಮ್ಮೆ ಬರಬೇಕು. ಗಡುವು ಹತ್ತಿರ ಬಂದಿತ್ತು. ಒಂದು ತಿಂಗಳಿಂದ ಅವಳು ಆ ಚೌಕವನ್ನು ಖಾಲಿ ಬಿಡುತ್ತಿದ್ದಳು. ಅವತ್ತೂ ಬಿಟ್ಟಳು.

ಗಂಡ ಬಾಗಿಲವರೆಗೂ ಬಂದ. ಲಿಫ್ಟ್ ರಿಪೇರಿ ಮಾಡುವವನು. ಎಣ್ಣೆಯ ಕಲೆ ಇರದಂತೆ ತಿಕ್ಕಿ ತೊಳೆದ ಕೈ, ಮೆಲುದನಿ. “ಶಿಬಿರದಿಂದ ನಾನು ತುಂಬ ಬದಲಾಗಿದೀನಿ. ಈಗ ಏನೇ ಇದ್ರೂ ಮಾತಾಡಿ ಬಗೆಹರಿಸ್ಕೋತೀವಿ. ಅದನ್ನ ಬರ್ಕೊಳ್ಳಿ,” ಎಂದ. ಅವನ ಹಿಂದೆ ಹೊಲಿಗೆಯಾಕೆ ಅದೇ ಕಾಲರಿಗೆ ಅದೇ ಸೂಜಿಯನ್ನು ಚುಚ್ಚಿ ತೆಗೆಯುತ್ತಿದ್ದಳು.

ಗಂಡನ ಆ ಮಾತನ್ನು ಪ್ರಶ್ನೆಯಕ್ಕ ಬೇರೆಲ್ಲೋ ಕೇಳಿದ್ದಳು. ಮನೆಗೆ ಹೋದವಳೇ ಆ ತಿಂಗಳ ಫಾರಂಗಳನ್ನು ಊಟದ ಮೇಜಿನ ಮೇಲೆ ಹರಡಿದಳು. ಮಾತಾಡಿ ಬಗೆಹರಿಸ್ಕೋತೀವಿ. ಹನ್ನೊಂದು ಮನೆ, ಹನ್ನೊಂದು ಹೆಂಗಸರು, ಒಂದೇ ಮಾತು. ಮೊದಲ ಸಲ ಪ್ರತಿ ಮನೆಯಲ್ಲೂ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿದಿತ್ತು. ಅಳು, ಮೌನ, ನೀರು ಕುಡಿಯುವುದು, ಮಾತು ಮರೆಸುವುದು, ಎಲ್ಲ ಸೇರಿ. ಈ ಸಲ ಹನ್ನೊಂದು ನಿಮಿಷ, ಹನ್ನೆರಡು ನಿಮಿಷ.

“ಊರವರ ಸಂಸಾರವನ್ನೆಲ್ಲ ಬರ್ಕೊಂಡು ಬರ್ತೀಯ. ನಮ್ಮನೇಲಿ ಗ್ಯಾಸ್ ಮುಗಿದು ಎರಡು ದಿನ ಆಯ್ತು, ಅದನ್ನ ಯಾವ ಫಾರಂನಲ್ಲಿ ಬರ್ಕೋತೀಯ?” ಎಂದರು ಅವಳ ತಾಯಿ. ಹತ್ತಿರ ಬಂದು ಮಗಳ ಹಣೆ ಮುಟ್ಟಿದರು. “ಬೆವರ್ತಾ ಇದೀಯಲ್ಲೇ.”

ಮರುದಿನ ಬೆಳಗ್ಗೆ ಕೇಂದ್ರದ ಕಟ್ಟಡದಲ್ಲಿ ಲಿಫ್ಟ್ ಹತ್ತಿದಾಗ ಹೊಲಿಗೆಯಾಕೆಯ ಗಂಡ ಒಳಗಿದ್ದ. ಕಾಲ ಬಳಿ ಸಲಕರಣೆಯ ಪೆಟ್ಟಿಗೆ, ತೆರೆದಿಟ್ಟ ಗುಂಡಿಗಳ ಹಲಗೆ. ಅವಳು ಇಳಿಯಬೇಕೆನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

“ಓ, ಮೇಡಂ. ಈ ಕಟ್ಟಡದ್ದೂ ನಮ್ಮ ಕಂಪನಿಗೇ ಬಂದಿದೆ,” ಎಂದ. ಎರಡು ಮಹಡಿ ದಾಟಿದ ಮೇಲೆ ಲಿಫ್ಟ್ ನಿಂತಿತು. ಬಾಗಿಲ ಸಂದಿನಲ್ಲಿ ಸಿಮೆಂಟಿನ ಗೋಡೆ ಮಾತ್ರ ಕಾಣುತ್ತಿತ್ತು. “ಒಂದು ನಿಮಿಷ, ಬ್ರೇಕ್ ನೋಡ್ಬೇಕು.”

ಅವಳು ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಳು.

“ನಮ್ಮವಳು ಎಲ್ಲಾ ಸರಿಯಾಗಿ ಹೇಳಿದ್ಲಾ? ಹಾಲ್‌ನಲ್ಲಿ ಶಿಬಿರ ನಡೆಸೋ ನಮ್ಮ ಸರ್ ಆ ಪ್ರಶ್ನೆಗಳನ್ನೆಲ್ಲ ಓದಿಸಿದ್ರು. ಒಳ್ಳೆ ಫಲಿತಾಂಶ ಬಂದ್ರೆ ಶಿಬಿರ ಮುಂದುವರಿಯುತ್ತೆ ಅಂತ. ನಾನು ಒಂದು ಪ್ರತಿ ಮನೆಗೂ ತಂದಿಟ್ಟೆ. ದಿನಾ ಅವಳ ಕೈಲಿ ಉತ್ತರ ಹೇಳಿಸ್ತೀನಿ.” ಅವನು ಒಂದು ತಿರುಪನ್ನು ನಿಧಾನವಾಗಿ ಬಿಗಿ ಮಾಡಿದ. “ನಿನ್ನೆ ನೀವು ಅವಳ ಮುಖಾನೇ ನೋಡ್ತಿದ್ರಿ. ಯಾಕೆ ಅಂತ ಆಮೇಲೆ ಅವಳನ್ನ ಕೇಳ್ದೆ.”

“ಏನ್ ಹೇಳಿದ್ರು?” ಅವಳು ಸಿಮೆಂಟಿನ ಗೋಡೆಯನ್ನೇ ನೋಡುತ್ತ ಕೇಳಿದಳು.

“ಗೊತ್ತಿಲ್ಲ ಅಂದ್ಲು. ಎಷ್ಟು ಕೇಳಿದ್ರೂ ಗೊತ್ತಿಲ್ಲ ಅಂತಾನೇ ಅಂದ್ಲು.” ಗುಂಡಿ ಒತ್ತಿದ. ಲಿಫ್ಟ್ ಒಮ್ಮೆ ನಡುಗಿ ಮೇಲೇರಿತು. “ಹೆದರ್ಬೇಡಿ ಮೇಡಂ. ನಮ್ಮ ಲಿಫ್ಟು ಬೀಳಲ್ಲ.”

ಅವಳು ಪ್ರೊಫೆಸರಮ್ಮನ ಕೋಣೆಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಖಾಲಿ ಬಿಟ್ಟ ಚೌಕಗಳನ್ನು ಮಾತ್ರ ಹೇಳದೆ ಉಳಿಸಿಕೊಂಡಿದ್ದಳು. ಬಾಗಿಲವರೆಗೆ ಹೋದವಳು ಹಿಂತಿರುಗಿ ಬಂದು ಅದನ್ನೂ ಹೇಳಿದಳು. “ಕೆಲಸದಿಂದ ತೆಗೀತೀರಾದ್ರೆ ತೆಗೀರಿ. ಆದರೆ ಆ ಕಾಗದಗಳನ್ನ ಲೆಕ್ಕಕ್ಕೆ ತಗೋಬೇಡಿ.”

ಪ್ರೊಫೆಸರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಸರದಿಗೆ ಕಾದಿದ್ದ ಗುಂಪಿನ ಹೆಂಗಸರ ಭಯ ಇದ್ದಲ್ಲೇ ಇತ್ತು. ಶಿಬಿರದ ಗುಂಪಿನದು ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು.

“ಇಷ್ಟು ಚೆನ್ನಾಗಿ ಯಾವುದೂ ಕೆಲಸ ಮಾಡಲ್ಲ,” ಎಂದರು. “ನೋಡಿದಾಗಲೇ ಅನ್ನಿಸಿತ್ತು. ಮುಂದಿನ ತಿಂಗಳು ಈ ಶಿಬಿರಾನ ಇನ್ನೂ ಮೂವತ್ತು ಕಡೆ ಶುರು ಮಾಡ್ತಾರಂತೆ, ಎಲ್ಲರೂ ಖುಷಿಯಾಗಿದ್ರು. ನಾನೂ ಸುಮ್ಮನಾದೆ. ನೀವು ಒಂದು ಚೌಕ ಬಿಟ್ರಿ, ನಾನು ಇಡೀ ಹಾಳೆ ಬಿಟ್ಟೆ.”

“ಈಗ ಇದು ಹೊರಗೆ ಗೊತ್ತಾದ್ರೆ ಆ ಮನೆಗಳಲ್ಲಿ ಏನಾಗುತ್ತೋ.”

“ಅದಕ್ಕೇ ಗೊತ್ತಾಗಬಾರದು. ಹೆಂಗಸರನ್ನ ಮನೆಯಿಂದ ಹೊರಗೆ ಕೇಳಬೇಕು. ಬಾಯಿಬಿಟ್ಟು ಉತ್ತರ ಹೇಳೋ ಹಾಗೂ ಇರಬಾರದು.”

ಅದಾದ ಮೂರನೆಯ ವಾರ ಎರಡೂ ಗುಂಪಿನ ಹೆಂಗಸರಿಗೂ ಆರೋಗ್ಯ ಕೇಂದ್ರದಿಂದ ರಕ್ತದೊತ್ತಡದ ತಪಾಸಣೆಗೆಂದು ಕರೆ ಹೋಯಿತು. ತಪಾಸಣೆ ನಿಜವೇ. ಅದು ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಪ್ರಶ್ನೆಯಕ್ಕ ಕೂತಿರುತ್ತಿದ್ದಳು. ಬೇಡವೆನ್ನಿಸಿದರೆ ಈಗಲೇ ಎದ್ದುಹೋಗಬಹುದು ಎಂದು ಮೊದಲೇ ಹೇಳುತ್ತಿದ್ದಳು. ನಿದ್ದೆ, ಕಣ್ಣು, ಸೊಂಟನೋವಿನ ನಡುವೆ ಹಳೆಯ ಪ್ರಶ್ನೆಗಳನ್ನು ಹೊರಗೆ ಕೇಳಿದವರಿಗೂ ಗುರುತು ಸಿಗದಂತೆ ಬೇರೆ ಮಾತುಗಳಲ್ಲಿ, ಬೇರೆ ಕ್ರಮದಲ್ಲಿ ಸೇರಿಸಿದ್ದರು. ಅವಳು ಓದಬೇಕು, ಉತ್ತರಿಸುವವಳು ಮಾತಾಡದೆ ತನ್ನ ಹಾಳೆಯಲ್ಲಿ ಗುರುತು ಹಾಕಿ, ಮಡಚಿ ಡಬ್ಬಕ್ಕೆ ಹಾಕಬೇಕು. ನಾಲ್ಕು ದಿನಗಳಲ್ಲಿ ಶಿಬಿರದವರ ಹೆಂಡಂದಿರು ಮೂವತ್ತೊಂದು ಮಂದಿ ಬಂದುಹೋದರು. ಒಂಬತ್ತು ಮಂದಿಯ ಮನೆಯಲ್ಲಿ ಹೊಡೆತ ನಿಜವಾಗಿ ನಿಂತಿತ್ತು. ಅವರಲ್ಲೊಬ್ಬಳು ಹಾಳೆಯ ಅಂಚಿನಲ್ಲಿ, ‘ಇನ್ನೂ ನಂಬಿಕೆ ಬಂದಿಲ್ಲ, ಆದರೂ ನಿಂತಿದೆ’ ಎಂದು ಬರೆದಿದ್ದಳು. ಉಳಿದವರ ಹಾಳೆಗಳನ್ನು ಪ್ರೊಫೆಸರಮ್ಮ ಒಂದೊಂದಾಗಿ ಓದಿ, ಒಂದೊಂದಾದ ಮೇಲೂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತು ಬರುತ್ತಿದ್ದರು.

ಐದನೆಯ ದಿನ ಹೊಲಿಗೆಯಾಕೆ ಬಂದಳು. ಜೊತೆಗೆ ಗಂಡನೂ ಬಂದಿದ್ದ. ಹೆಂಗಸರ ಕೋಣೆಗೆ ಗಂಡಸರನ್ನು ಬಿಡುವುದಿಲ್ಲವೆಂದು ನರ್ಸ್ ಹೇಳಿದ್ದಕ್ಕೆ, ಬಾಗಿಲಿಗೆ ಅಂಟಿಕೊಂಡಂತಿದ್ದ ಬೆಂಚಿನಲ್ಲಿ ಕೂತ. ತೆಳುವಾದ ಬಾಗಿಲು. ಅವನು ಗಂಟಲು ಸರಿಮಾಡಿಕೊಂಡದ್ದು ಒಳಗೆ ಕೇಳಿಸಿತು.

ಪ್ರಶ್ನೆಯಕ್ಕ ಓದತೊಡಗಿದಳು. ಹೊಲಿಗೆಯಾಕೆ ಗುರುತು ಹಾಕುತ್ತ ಹೋದಳು. ತೋಳಿನ ಬಟ್ಟೆ ಮಣಿಕಟ್ಟಿನವರೆಗೂ ಇಳಿಬಿಟ್ಟಿತ್ತು. ಊದಿಕೊಂಡ ಆ ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಲು ಆಗಲಿಲ್ಲವೆಂದು ನರ್ಸ್ ಮೊದಲೇ ಪಿಸುಗುಟ್ಟಿದ್ದಳು. ಆರನೆಯ ಪ್ರಶ್ನೆಗೆ ಆಕೆ ಗುರುತು ಹಾಕಲಿಲ್ಲ. ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಸಣ್ಣಗೆ ಏನೋ ಬರೆದು ಮುಂದೆ ತಳ್ಳಿದಳು.

‘ಈ ಕೋಣೆಗೆ ಇನ್ನೊಂದು ಬಾಗಿಲು ಇದೆಯಾ?’

ಇತ್ತು. ಬೀರುವಿನ ಪಕ್ಕದಿಂದ ಬಟ್ಟೆ ಒಗೆಯುವ ಜಾಗಕ್ಕೆ, ಅಲ್ಲಿಂದ ಹಿಂದಿನ ರಸ್ತೆಗೆ. ಉತ್ತರಿಸುವವರಿಗೆ ಸಲಹೆ ಕೊಡಬಾರದು. ಅವರಾಗಿಯೇ ಕೇಳಿದರೆ ಮಾತ್ರ ಇಂಥ ಹೆಂಗಸರಿಗೆಂದೇ ಇರುವ ಆಸರೆ ಮನೆಗೆ ಕಳಿಸಬಹುದು ಎಂಬುದು ನಿಯಮ. ಅವಳು ಹಾಳೆಯನ್ನು ಕೋಣೆಯಲ್ಲೇ ನಿಂತಿದ್ದ ನರ್ಸಿಗೆ ತೋರಿಸಿದಳು. ನರ್ಸ್ ಓದಿದಳು, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು, ಹೊಲಿಗೆಯಾಕೆಗೂ ಹಾಗೆಯೇ ಮಾಡುವಂತೆ ಸನ್ನೆ ಮಾಡಿದಳು. ಆಕೆ ಎದ್ದಾಗ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರ್ ಎಂದಿತು. ಮೂವರೂ ಉಸಿರು ಹಿಡಿದು ನಿಂತರು.

“ಮುಗೀತಾ?” ಹೊರಗಿನಿಂದ ಅವನು ಕೇಳಿದ.

“ಇಲ್ಲ, ಇನ್ನೂ ಇದೆ,” ಎಂದಳು ಪ್ರಶ್ನೆಯಕ್ಕ.

ಹಿಂದಿನ ಬಾಗಿಲು ಸದ್ದಿಲ್ಲದೆ ತೆರೆದು ಸದ್ದಿಲ್ಲದೆ ಮುಚ್ಚಿತು. ಬೆಂಚಿನ ಮೇಲೆ ಅವನು ಸರಿದು ಕೂತದ್ದು ಕೇಳಿಸಿತು. ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಖಾಲಿ ಕುರ್ಚಿಯ ಕಡೆ ಮುಖಮಾಡಿ, ಏಳನೆಯ ಪ್ರಶ್ನೆಯನ್ನು ಬಾಗಿಲಾಚೆಗೂ ಕೇಳುವಂತೆ ಸ್ಪಷ್ಟವಾಗಿ ಓದಿದಳು. ಒಬ್ಬ ಹೆಂಗಸು ಯೋಚಿಸಿ ಗುರುತು ಹಾಕಲು ಹಿಡಿಯುವಷ್ಟು ಹೊತ್ತು ಕಾದಳು. ಎಂಟನೆಯದನ್ನು ಓದಿದಳು.