ಕಿವಿಯ ಯಂತ್ರಕ್ಕೊಂದು ಜಡೆ

ಅಮ್ಮ ಮಗಳ ಒಂದು ಜಡೆ ಹೆಣೆದು ಮುಗಿಸಿ ಇನ್ನೊಂದು ಕಡೆಗೆ ಬಾಚಣಿಗೆ ಇಟ್ಟಿದ್ದಳಷ್ಟೇ, ಬಾಗಿಲು ತಳ್ಳಿಕೊಂಡು ಅವಳ ತಮ್ಮ, ಮಗುವಿನ ಮಾಮ, ಬಂದ. ಕೈಯಲ್ಲಿ ಪುಟ್ಟ ಡಬ್ಬಿ, ಮುಖದಲ್ಲಿ ಹೆತ್ತವರ ಹೆಮ್ಮೆ.

"ಅಕ್ಕಾ, ಕೊನೆಗೂ ಆಯ್ತು! ಮಧ್ಯಾಹ್ನ ಕಾರ್ಖಾನೇಲಿ ಅಚ್ಚು ಹೊಯ್ಯಕ್ಕೆ ಹೋಗುತ್ತೆ. ಆಮೇಲೆ ಯಾರಪ್ಪ ಬಂದ್ರೂ ಬದಲಾಯ್ಸಕ್ಕಾಗಲ್ಲ. ಮೊದಲು ನಮ್ಮ ಪುಟ್ಟಿ ಹಾಕ್ಕೊಳ್ಲಿ."

ಕಿವಿ ಮಂದವಿರುವ ಮಕ್ಕಳಿಗೆ ಯಂತ್ರ ರೂಪಿಸುವುದೇ ಅವನ ಕೆಲಸ. ಪುಟ್ಟಿಗೆ ಹುಟ್ಟಿದಾಗಿನಿಂದ ಕಿವಿ ಮಂದ. ಅವಳು ಹಳೆಯದನ್ನು ತೆಗೆದು ಹೊಸದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

ಮಾಮ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ. "ಕತ್ತೆಮರಿ."

"ನೀವೇ!"

ಮೂವರೂ ನಕ್ಕರು. ಅಮ್ಮ ಮತ್ತೆ ಬಾಚಣಿಗೆ ಎತ್ತಿದಳು. ಕೂದಲಿಗೆ ತಾಗಿದ್ದೇ ತಡ, ಪುಟ್ಟಿ ಯಂತ್ರವನ್ನು ಕಿತ್ತು ಮಡಿಲಿಗೆ ಹಾಕಿಕೊಂಡಳು.

"ನೋಡ್ದ್ಯಾ? ದಿನಾ ಇದೇ ರಗಳೆ. ಶಾಲೇಲೂ ಹಳೇ ಯಂತ್ರ ಅರ್ಧ ದಿನ ಚೀಲದೊಳಗೇ ಇರುತ್ತಂತೆ. ನನ್ನ ಬೈಗುಳ ಕೇಳ್ಬಾರ್ದು ಅಂತ ತೆಗೀತಾಳೆ, ಕಳ್ಳಿ."

ಮಾಮನ ಮುಖ ಬಾಡಿತು. "ಗಾಯಕರು ಕೇಳಿ ಭೇಷ್ ಅಂದ್ರು, ಡಾಕ್ಟರು ಭೇಷ್ ಅಂದ್ರು. ಪ್ಲಾಸ್ಟಿಕ್ ತಲೆಗೆ ಹಾಕಿ ತಿಂಗಳುಗಟ್ಟಲೆ ಪರೀಕ್ಷೆ ಮಾಡಿದೀವಿ. ಇನ್ನೇನು ಮಾಡ್ಲಿ?"

ಪುಟ್ಟಿ ಮಡಿಲಲ್ಲಿದ್ದ ಯಂತ್ರವನ್ನು ತಿರುಗಿಸಿ ನೋಡಿದಳು. ಹಿಂದೊಮ್ಮೆ ತರಗತಿಯಲ್ಲಿ ಅವಳು ಏನೋ ಕೇಳಿದ್ದಕ್ಕೆ ಎಲ್ಲರೂ ಗೊಳ್ಳೆಂದು ನಕ್ಕಿದ್ದರು. ಅಂದಿನಿಂದ ಅವಳ ಪ್ರಶ್ನೆಗಳೆಲ್ಲ ಗಂಟಲಲ್ಲೇ ಉಳಿಯುತ್ತಿದ್ದವು. ಈಗ ಅವಳು ಮೆಲ್ಲನೆ ಯಂತ್ರವನ್ನು ಅಮ್ಮನ ಕಿವಿಗೆ ಸಿಕ್ಕಿಸಿ, ಅಮ್ಮನದೇ ಕೂದಲನ್ನು ಅದರ ಮೇಲೆ ಎಳೆದಳು.

ಗರ್ರ್‌ರ್! ಖಾಲಿ ಡ್ರಮ್ಮನ್ನು ಕಲ್ಲಿನ ಮೇಲೆ ಎಳೆದಂತಾಯಿತು. ಅಮ್ಮ ಬೆಚ್ಚಿ ಯಂತ್ರ ತೆಗೆದಳು. ಶಬ್ದ ಹಿಡಿಯುವ ತೂತು, ಹಳೆಯದರಲ್ಲಿದ್ದಂತೆಯೇ, ಸರಿಯಾಗಿ ಕೂದಲು ಉಜ್ಜುವ ಜಾಗದಲ್ಲೇ ಇತ್ತು. ಅಯ್ಯೋ ಕಂದಾ, ದಿನಾ ಬೆಳಗ್ಗೆ ಇದನ್ನೇ ಕೇಳುತ್ತಿದ್ದೆಯಾ? ನಾನು ಹಟ ಅಂದುಕೊಂಡೆನಲ್ಲ!

ತಮ್ಮನಿಗೆ ಹೇಳಿಬಿಡೋಣವೆಂದು ಬಾಯಿ ತೆರೆದಳು. ಆದರೆ ಮಗಳ ತುಟಿ ಆಗಲೇ ಅಲುಗುತ್ತಿತ್ತು. ಅಮ್ಮ ಬಾಯಿ ಮುಚ್ಚಿಕೊಂಡಳು.

"ಏನು ಪುಟ್ಟಿ?" ಎಂದ ಮಾಮ, ಅವಳೆದುರು ಮಂಡಿಯೂರಿ. "ನಗಲ್ಲ, ಹೇಳು."

ಪುಟ್ಟಿ ಹಳೆಯ ಯಂತ್ರ ಹಾಕಿಕೊಂಡಳು. ಹೆಣೆಯದ ಅರ್ಧ ತಲೆಯನ್ನು ಒಂದು ಕೈಯಲ್ಲಿ ಹಿಡಿದು, ಮಾಮನ ನುಣ್ಣನೆಯ ಬೋಳುತಲೆಯನ್ನೇ ದಿಟ್ಟಿಸಿ, ಗಟ್ಟಿಯಾಗಿ ಕೇಳಿದಳು:

"ಮಾಮಾ, ಇದನ್ನ ಹಾಕ್ಕೊಂಡು ಯಾರಾದ್ರೂ ಒಂದ್ಸಲ ತಲೆ ಬಾಚ್ಕೊಂಡಿದ್ರಾ?"